ಗಣಕಪಾಠದಲ್ಲಿ ಪದೌಚಿತ್ಯ

ವಿದ್ಯಾಭ್ಯಾಸವು ಪ್ರಶ್ನೆ, ಉತ್ತರ ಎಂಬ ಎರಡು ಕಾಲುಗಳ ಮೇಲೆ ನಡೆಯತಕ್ಕ ವ್ಯವಹಾರ. ಗುರುವು ಕೇಳುತ್ತಾನೆ, ಶಿಷ್ಯನು ಹೇಳುತ್ತಾನೆ. ಶಿಷ್ಯನು ಕೇಳುತ್ತಾನೆ, ಗುರುವು ಬಿಡಿಸಿ ತಿಳಿಸುತ್ತಾನೆ. ಕಠೋಪನಿಷತ್ತಿನ ನಚಿಕೇತನಿಂದ ಮೊದಲ್ಗೊಂಡು ನಮ್ಮ ತಾಲ್ಲೂಕಿನ ಸಣ್ಣ ಗ್ರಾಮದ ಶಾಲೆಯ ಬಾಲಕನವರೆಗೆ ಈ ಕ್ರಮವು ಒಂದೇ ಬಗೆಯಾಗಿ ನಡೆದು ಬಂದಿದೆ. ಈಚೆಗೆ ಅದರಲ್ಲೊಂದು ವ್ಯತ್ಯಾಸ ಉಂಟಾಗಿದೆ. ಕೇಳುವವನ ಸ್ಥಾನದಲ್ಲಿ ಯಂತ್ರವೊಂದು ಬಂದು ಕುಳಿತಿದೆ. ಯಂತ್ರಕ್ಕೆ ಮುಖವಿಲ್ಲ, ಕಣ್ಣಿಲ್ಲ, ಸ್ವರದ ಏರಿಳಿತವಿಲ್ಲ. ಪರದೆಯ ಮೇಲೆ ಮೂಡುವ ನಾಲ್ಕು ಪದಗಳೇ ಅದರ ಸರ್ವಸ್ವ. ಆ ನಾಲ್ಕು ಪದಗಳನ್ನು ಕನ್ನಡದಲ್ಲಿ ಹೇಗೆ ಆರಿಸಬೇಕು ಎಂಬುದೇ ಈ ಲೇಖನದ ವಿಷಯ. ವಿಷಯವು ಅಲ್ಪವೆಂದು ವಾಚಕರು ಉಪೇಕ್ಷಿಸಬಾರದಾಗಿ ಪ್ರಾರ್ಥನೆ.

ಈ ಯಂತ್ರವು ನಮ್ಮ ಮಕ್ಕಳ ಕೈಗೆ ಬಂದ ಬಗೆಯನ್ನು ಸ್ವಲ್ಪದರಲ್ಲಿ ಹೇಳಬೇಕು. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ, ಕೇಂದ್ರ ಸರ್ಕಾರದ 'ದೀಕ್ಷಾ' ವ್ಯವಸ್ಥೆಯು ಆರಂಭವಾಯಿತು. ನಮ್ಮ ರಾಜ್ಯದ ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ಚೌಕಾಕಾರದ ಕ್ಯೂಆರ್ ಸಂಕೇತವನ್ನು ಮೊಬೈಲಿಗೆ ತೋರಿಸಿದರೆ ಪಾಠವೂ ಅಭ್ಯಾಸದ ಪ್ರಶ್ನೆಗಳೂ ತೆರೆದುಕೊಳ್ಳುವುದನ್ನು ಎಲ್ಲರೂ ಬಲ್ಲರು. 2020ರ ಮಾರ್ಚಿಯಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳು ಮುಚ್ಚಿದವು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ 'ವಿದ್ಯಾಗಮ' ಆರಂಭವಾಗಿ, ಶಿಕ್ಷಕರು ಊರೂರಿಗೆ ಹೋಗಿ ಗುಡಿಯ ಅಂಗಳದಲ್ಲಿಯೂ ಮರದ ನೆರಳಿನಲ್ಲಿಯೂ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಆಮೇಲೆ ಅನೇಕ ಮಕ್ಕಳಿಗೆ ಉಳಿದದ್ದು ಮನೆಯ ಮೊಬೈಲೊಂದೇ. ಶಾಲೆಗಳು ಪುನಃ ತೆರೆದ ಮೇಲೂ ಆನ್‌ಲೈನ್ ಅಭ್ಯಾಸ, ಆನ್‌ಲೈನ್ ಪರೀಕ್ಷೆಗಳ ಪದ್ಧತಿ ಹೋಗಲಿಲ್ಲ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಮಾಸ್ ಎಂಬವರು 2002ರಲ್ಲಿ ಮೊದಲ ಆವೃತ್ತಿ ಹೊರತಂದ 'ಮೂಡಲ್' ಎಂಬ ತಂತ್ರಾಂಶವನ್ನು ಜಗತ್ತಿನ ಅಸಂಖ್ಯ ವಿದ್ಯಾಲಯಗಳು ಬಳಸುತ್ತವೆ. ಹೆಸರು ನಮ್ಮ ಮೂಡಲ ದಿಕ್ಕನ್ನು ನೆನಪಿಗೆ ತಂದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದಕ್ಕೆ ಕನ್ನಡದ ಪದಕೋಶವೂ ಉಂಟು.

ಇನ್ನು ಪ್ರಕೃತಕ್ಕೆ ಬರೋಣ. ಇಂತಹ ತಂತ್ರಾಂಶಗಳಲ್ಲಿ ಇಂಗ್ಲಿಷಿನ 'ರೆಸ್ಪಾನ್ಸ್' ಎಂಬ ಒಂದು ಶಬ್ದವು ಹಲವು ಕೆಲಸಗಳನ್ನು ಮಾಡುತ್ತದೆ. ಗಣಿತದ ಪ್ರಶ್ನೆಗೆ ಬಾಲಕನು ಬರೆದದ್ದು ರೆಸ್ಪಾನ್ಸ್. 'ಪ್ರವಾಸಕ್ಕೆ ಹಂಪಿಯೋ ಬಾದಾಮಿಯೋ' ಎಂದು ಕೇಳಿದಾಗ ಅವನು ಒಂದನ್ನು ಗುರುತಿಸಿದರೆ ಅದೂ ರೆಸ್ಪಾನ್ಸ್. ಸಹಪಾಠಿಯ ಮಾತಿಗೆ ಮರುಮಾತು ಬರೆದರೆ ಅದೂ ರೆಸ್ಪಾನ್ಸ್. ಪಾಠ ಹೇಗಿತ್ತೆಂದು ಕೇಳಿದಾಗ ತಿಳಿಸಿದ ಅಭಿಪ್ರಾಯವೂ ರೆಸ್ಪಾನ್ಸ್. ಭಾಷಾಂತರಕಾರರು ಇದಕ್ಕೆ 'ಪ್ರತಿಕ್ರಿಯೆ' ಎಂಬ ಒಂದೇ ಪದವನ್ನು ಗೊತ್ತುಮಾಡಿಕೊಂಡು ಎಲ್ಲ ಕಡೆಗೂ ಅದನ್ನೇ ಇರಿಸುವುದು ರೂಢಿಯಾಗಿಬಿಟ್ಟಿದೆ. ಸಾಲದೆಂಬಂತೆ, ಗುರುಗಳು ಉತ್ತರವನ್ನು ನೋಡಿ ಹೇಳುವ ಮಾತಾದ 'ಫೀಡ್‌ಬ್ಯಾಕ್' ಎಂಬುದಕ್ಕೂ ಬಹಳ ಕಡೆ 'ಪ್ರತಿಕ್ರಿಯೆ' ಎಂದೇ ಇದೆ. ಆದಕಾರಣ ಮಗು ಬರೆದದ್ದೂ ಪ್ರತಿಕ್ರಿಯೆ, ಅದಕ್ಕೆ ಗುರು ಹೇಳಿದ್ದೂ ಪ್ರತಿಕ್ರಿಯೆ. 'ನಿಮ್ಮ ಪ್ರತಿಕ್ರಿಯೆಗೆ ಪ್ರತಿಕ್ರಿಯೆ ಬಂದಿದೆ' ಎಂಬ ವಾಕ್ಯವನ್ನು ಓದಿದ ಮಗುವಿಗೆ ಯಾವ ಅರ್ಥವಾದೀತು? ಕೇಳಿದವರು ಯಾರು, ಹೇಳಿದವರು ಯಾರು ಎಂಬ ಮೂಲಭೇದವೇ ಅಲ್ಲಿ ಅಳಿಸಿಹೋಗಿದೆ.

ವಾಕ್ಯದಿಂದ ಅರ್ಥವು ಹುಟ್ಟುವುದಕ್ಕೆ ಮೂರು ನಿಮಿತ್ತಗಳಿರಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ಒಂದು ಪದವು ಇನ್ನೊಂದನ್ನು ಬಯಸುವುದು ಆಕಾಂಕ್ಷೆ. ಪದಗಳ ಅರ್ಥಗಳು ಒಂದಕ್ಕೊಂದು ಒದಗುವುದು ಯೋಗ್ಯತೆ; 'ಬೆಂಕಿಯಿಂದ ತೋಯಿಸುತ್ತಾನೆ' ಎಂದರೆ ವ್ಯಾಕರಣ ಸರಿಯಿದ್ದರೂ ಯೋಗ್ಯತೆ ಇಲ್ಲ. ಪದಗಳು ಒಂದರ ಬಳಿ ಒಂದು ಇರುವುದು ಸನ್ನಿಧಿ. ತರ್ಕಶಾಸ್ತ್ರದ ಪ್ರಾರಂಭಿಕ ಗ್ರಂಥಗಳಲ್ಲಿಯೇ ಬರುವ ಈ ಮೂರು ಮಾತುಗಳು ಗಣಕದ ಪರದೆಗೂ ಹಾಗೆಯೇ ಅನ್ವಯಿಸುತ್ತವೆ.

'ಏಳೆಂಟಲ ಎಷ್ಟು?' ಎಂಬ ಪ್ರಶ್ನೆಯ ಕೆಳಗೆ 'ನಿಮ್ಮ ಪ್ರತಿಕ್ರಿಯೆ' ಎಂದು ಬರೆದರೆ ಯೋಗ್ಯತೆ ಕೆಡುತ್ತದೆ. ಸಂಸ್ಕೃತದಲ್ಲಿ ಪ್ರತಿಕ್ರಿಯೆ ಎಂದರೆ ಪ್ರತೀಕಾರ, ಪರಿಹಾರ. ನಮ್ಮ ವಿಜ್ಞಾನದ ಪುಸ್ತಕಗಳಲ್ಲಿ ಅದು ನ್ಯೂಟನ್ನನ ಮೂರನೆಯ ನಿಯಮದ ಪದ. ಪತ್ರಿಕೆಗಳಲ್ಲಿ ಅದು ಮಂತ್ರಿಗಳ ಹೇಳಿಕೆಗೆ ವಿರೋಧಪಕ್ಷದವರು ಕೊಡುವಂಥದು. ಐವತ್ತಾರು ಎಂಬುದು ಇವುಗಳಲ್ಲಿ ಯಾವುದೂ ಆಗಲಾರದು, ಅದು ಉತ್ತರ. ಹಾಗೆಯೇ ಒಂದು ಗುಂಡಿಯ ಮೇಲೆ 'ಸಲ್ಲಿಸಿ' ಎಂದಷ್ಟೇ ಇದ್ದರೆ ಆಕಾಂಕ್ಷೆ ತೀರುವುದಿಲ್ಲ. ಏನನ್ನು ಸಲ್ಲಿಸುವುದು, ಈ ಒಂದು ಉತ್ತರವನ್ನೋ ಇಡೀ ಪತ್ರಿಕೆಯನ್ನೋ? ಇನ್ನು, ಪ್ರಶ್ನೆ ಮೇಲೆಲ್ಲೋ ಉಳಿದು ಗುಂಡಿ ಕೆಳಗೆಲ್ಲೋ ಇದ್ದು, ಚಿಕ್ಕ ಮೊಬೈಲಿನಲ್ಲಿ ಎರಡೂ ಒಟ್ಟಿಗೆ ಕಾಣದಿದ್ದರೆ ಅಲ್ಲಿ ಸನ್ನಿಧಿಯೂ ಇಲ್ಲ. ದೊಡ್ಡ ಗಣಕದ ಮುಂದೆ ಕುಳಿತು ಭಾಷಾಂತರ ಮಾಡಿದವರಿಗೆ ಇದು ತೋರದಿರುವುದು ಸಹಜ.

ಅಲ್ಪಾಕ್ಷರದ ಮಾತಿನ ಶಕ್ತಿಯನ್ನು ನಮ್ಮ ತಾಲ್ಲೂಕಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮೈಲಾರದ ಕಾರ್ಣಿಕೋತ್ಸವದಲ್ಲಿ ಗೊರವಯ್ಯನು ಬಿಲ್ಲನ್ನೇರಿ ಒಂದು ಕೂಗು ಹಾಕಿದೊಡನೆ ಲಕ್ಷಾಂತರ ಜನ ಉಸಿರು ಹಿಡಿಯುತ್ತಾರೆ. ಅವನು ನುಡಿಯುವುದು ಒಂದೇ ಸಣ್ಣ ವಾಕ್ಯ. ಒಕ್ಕಲಿಗನು ಅದರಲ್ಲಿ ಮಳೆಬೆಳೆಯನ್ನು ಕಾಣುತ್ತಾನೆ, ವ್ಯಾಪಾರಿಯು ಧಾರಣೆಯನ್ನು ಕಾಣುತ್ತಾನೆ, ರಾಜಕಾರಣಿಯು ಅಧಿಕಾರವನ್ನು ಕಾಣುತ್ತಾನೆ. ಅನೇಕಾರ್ಥಕ್ಕೆ ಎಡೆಗೊಡುವುದೇ ಕಾರ್ಣಿಕದ ಧರ್ಮ. ವರ್ಷವಿಡೀ ಅದನ್ನು ಬಿಡಿಸಿ ಬಿಡಿಸಿ ನೋಡುವುದರಲ್ಲಿಯೇ ಅದರ ಸ್ವಾರಸ್ಯ. ಪಾಠದ ಪರದೆಯ ಮೇಲಣ ಮಾತು ಅಷ್ಟೇ ಚಿಕ್ಕದಾಗಿರಬೇಕು, ಆದರೆ ಅದರ ಧರ್ಮ ಇದಕ್ಕೆ ತದ್ವಿರುದ್ಧ. ಅದಕ್ಕೆ ಒಂದೇ ಅರ್ಥವಿರಬೇಕು, ಆ ಅರ್ಥವು ಓದಿದ ಕ್ಷಣದಲ್ಲಿಯೇ ಹೊಳೆಯಬೇಕು. ಪರೀಕ್ಷೆಯ ಗಡಿಯಾರ ಓಡುತ್ತಿರುವಾಗ ಮಗುವು ಕಾರ್ಣಿಕವನ್ನು ಬಿಡಿಸುತ್ತ ಕುಳಿತುಕೊಳ್ಳಲಾಗದು.

ಈಗ ಒಂದೊಂದಾಗಿ ಪದಗಳನ್ನು ವಿಚಾರಿಸೋಣ. ಮಗು ಪ್ರಶ್ನೆಗೆ ಬರೆದದ್ದು 'ಉತ್ತರ'. ಹಲವುಗಳಲ್ಲಿ ಒಂದನ್ನು ತನ್ನ ಇಷ್ಟದಂತೆ ಗುರುತಿಸಿದ್ದು 'ಆಯ್ಕೆ'. ಅಲ್ಲಿ ಸರಿ ತಪ್ಪುಗಳ ಮಾತಿಲ್ಲವಾದ್ದರಿಂದ ಅದನ್ನು ಉತ್ತರವೆಂದು ಕರೆಯಬಾರದು. ಕರೆದರೆ ಮಗು ತಪ್ಪಾದೀತೆಂದು ಹೆದರಿ ಬೇರೆಯವರು ಆರಿಸಿದ್ದನ್ನೇ ಆರಿಸೀತು. ಸಹಪಾಠಿಗೆ ಬರೆದದ್ದು 'ಮರುಮಾತು'. ಪಾಠದ ವಿಷಯವಾಗಿ ತಿಳಿಸಿದ್ದು 'ಅನಿಸಿಕೆ'. ಗುರುಗಳು ಉತ್ತರ ನೋಡಿ ಬರೆದದ್ದು 'ಗುರುಗಳ ಮಾತು'. ಈ ಕೊನೆಯದಕ್ಕೆ ಶಿಕ್ಷಣಶಾಸ್ತ್ರದ ಪುಸ್ತಕಗಳಲ್ಲಿ 'ಹಿಮ್ಮಾಹಿತಿ' ಎಂಬ ಪದವಿದೆ. ಕನ್ನಡದ 'ಹಿನ್' ಎಂಬುದಕ್ಕೆ ಪರದೇಶದಿಂದ ಬಂದ 'ಮಾಹಿತಿ'ಯನ್ನು ಕೂಡಿಸಿದ ಈ ಸಮಾಸವನ್ನು ಕಂಡು ವೈಯಾಕರಣರು ಅರಿಸಮಾಸವೆಂದು ಹುಬ್ಬು ಗಂಟಿಕ್ಕಬಹುದು. ನನ್ನ ಆಕ್ಷೇಪ ಅದಲ್ಲ. ಕೇಶಿರಾಜನೂ ಬಿರುದಾವಳಿ ಮೊದಲಾದ ಕಡೆಗಳಲ್ಲಿ ರೂಢಿಯ ಅರಿಸಮಾಸಗಳನ್ನು ಒಪ್ಪಿಕೊಂಡಿದ್ದಾನೆ. ಶಿಕ್ಷಕರ ತರಬೇತಿಯಲ್ಲಿ ಆ ಪದ ಇರಲಿ. ಹನ್ನೆರಡು ವರ್ಷದ ಮಗುವಿಗೆ ಅದು ಅರ್ಥವಾಗದು ಎಂಬುದೊಂದೇ ಅದನ್ನು ಪರದೆಯಿಂದ ಬಿಡುವುದಕ್ಕೆ ಸಾಕಾದ ಕಾರಣ.

ಎರಡನೆಯದು, ಆಜ್ಞೆಯ ವಿಚಾರ. ಗುಂಡಿಯ ಮೇಲೆ ಒಂದು ಕಡೆ 'ಕಳುಹಿಸು' ಎಂದೂ ಇನ್ನೊಂದು ಕಡೆ 'ಕಳುಹಿಸಿ' ಎಂದೂ ಇರುತ್ತದೆ. ಇದು ಏಕವಚನ ಬಹುವಚನಗಳ ಸಾಮಾನ್ಯ ಗೊಂದಲವೆಂದು ತೋರಬಹುದು. ವಿಚಾರಿಸಿದರೆ ಒಂದು ಮುಖ್ಯವಾದ ಪ್ರಶ್ನೆ ಅಡಗಿದೆ: ಇಲ್ಲಿ ಆಜ್ಞೆ ಮಾಡುವವರು ಯಾರು? ಯಂತ್ರವು ಮಗುವಿಗೆ ಹೇಳುತ್ತಿದೆಯೋ, ಮಗುವು ಯಂತ್ರಕ್ಕೆ ಹೇಳುತ್ತಿದೆಯೋ? ಗುಂಡಿಯನ್ನು ಒತ್ತುವವನು ಮಗು. ಕೆಲಸ ಮಾಡುವುದು ಯಂತ್ರ. ಆದ್ದರಿಂದ ಗುಂಡಿಯ ಮೇಲಣ ಮಾತು ಮಗುವು ಯಂತ್ರಕ್ಕಿತ್ತ ಅಪ್ಪಣೆ, ಅದು 'ಕಳುಹಿಸು' ಎಂದು ಏಕವಚನದಲ್ಲಿರುವುದು ಯುಕ್ತ. ಯಂತ್ರಕ್ಕೆ ಬಹುವಚನದ ಮರ್ಯಾದೆ ಬೇಕಿಲ್ಲ. ಯಂತ್ರವು ಮಗುವಿಗೆ ಹೇಳುವ ಸೂಚನೆಗಳು 'ಪ್ರಶ್ನೆಯನ್ನು ಓದಿರಿ', 'ಉತ್ತರ ಬರೆಯಿರಿ' ಎಂದು ಬಹುವಚನದಲ್ಲಿರಲಿ. ಗುರುಗಳು ಪ್ರೀತಿಯಿಂದ 'ಏನೋ ತಮ್ಮಾ, ಬರೆದೆಯಾ' ಎಂದು ಕೇಳುವುದುಂಟು. ಆ ಸಲಿಗೆಯು ಬಾಂಧವ್ಯದಿಂದ ಬಂದದ್ದು. ಬಾಂಧವ್ಯವಿಲ್ಲದ ಯಂತ್ರಕ್ಕೆ ಆ ಸಲಿಗೆ ಸಲ್ಲದು. ಈ ಒಂದು ನಿಯಮವನ್ನು ಪಾಲಿಸಿದರೆ ಎಲ್ಲ ಗುಂಡಿಗಳೂ ಎಲ್ಲ ಸೂಚನೆಗಳೂ ತಾವಾಗಿ ಬೇರೆಬೇರೆಯಾಗಿ ಕಾಣುತ್ತವೆ. ಮಗುವು ಯಂತ್ರಕ್ಕೆ ಕನ್ನಡದಲ್ಲಿ ಆಜ್ಞಾಪಿಸಬಲ್ಲದು ಎಂಬುದಕ್ಕೆ ದೃಷ್ಟಾಂತವೂ ಇದೆ. 1967ರಲ್ಲಿ ಅಮೆರಿಕೆಯಲ್ಲಿ ಸೆಮೂರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ರಚಿಸಿದ 'ಲೋಗೋ' ಎಂಬ ಗಣಕಭಾಷೆಯನ್ನು ಡಾ. ಯು. ಬಿ. ಪವನಜ ಅವರು ಕನ್ನಡಕ್ಕೆ ತಂದರು. ಮಕ್ಕಳು ಕನ್ನಡದ ಆಜ್ಞೆಗಳಿಂದಲೇ ಪರದೆಯ ಮೇಲೆ ಚಿತ್ರ ಬಿಡಿಸುವಂತಾಯಿತು.

ಮೂರನೆಯದು, ಮುಗಿಯಿತೋ ಇಲ್ಲವೋ ಎಂಬುದು. ಉತ್ತರವನ್ನು ಸದ್ಯಕ್ಕೆ ಬರೆದಿಡುವುದು ಒಂದು. ಇನ್ನು ತಿದ್ದಲಾಗದಂತೆ ಒಪ್ಪಿಸಿಬಿಡುವುದು ಇನ್ನೊಂದು. ಮೂಡಲಿನ ಪರೀಕ್ಷಾ ವಿಭಾಗದಲ್ಲಿ ಈ ಭೇದವನ್ನು ಇಂಗ್ಲಿಷಿನಲ್ಲಿ ಜಾಗರೂಕತೆಯಿಂದ ಮಾಡಿದ್ದಾರೆ. ಯಾವ ಪ್ರಶ್ನೆಗೆ ಉತ್ತರ ಬರೆದಾಗಿದೆ, ಯಾವುದಕ್ಕೆ ಇನ್ನೂ ಇಲ್ಲ ಎಂದು ತೋರಿಸಿ, ಎಲ್ಲವನ್ನೂ ಒಪ್ಪಿಸಿ ಮುಗಿಸುವ ಮುನ್ನ ಮತ್ತೊಮ್ಮೆ ಕೇಳುತ್ತಾರೆ. ಕನ್ನಡದಲ್ಲಿ ಎರಡಕ್ಕೂ 'ಸಲ್ಲಿಸಿ' ಎಂದರೆ ಈ ಎಚ್ಚರವೆಲ್ಲ ವ್ಯರ್ಥ. ಸಲ್ಲಿಸುವುದು ಅರ್ಜಿಯನ್ನು, ಗೌರವವನ್ನು. ನಮ್ಮ ಶಾಲೆಗಳಲ್ಲಿ ಪಾಠ 'ಒಪ್ಪಿಸುವುದು' ಎಂಬ ಹಳೆಯ ಮಾತಿದೆ. ಒಪ್ಪಿಸಿದ ಮೇಲೆ ಅದು ಗುರುಗಳ ವಶ ಎಂಬ ಭಾವ ಅದರಲ್ಲಿದೆ. ಆದ್ದರಿಂದ 'ಈ ಉತ್ತರ ಬರೆದಿಡು' ಎಂದು ಒಂದು ಗುಂಡಿಯೂ, 'ಎಲ್ಲ ಉತ್ತರ ಒಪ್ಪಿಸಿ ಮುಗಿಸು' ಎಂದು ಇನ್ನೊಂದು ಗುಂಡಿಯೂ ಇರಲಿ. ಎರಡನೆಯದರ ಬಳಿ 'ಒಪ್ಪಿಸಿದ ಮೇಲೆ ತಿದ್ದಲು ಬರುವುದಿಲ್ಲ' ಎಂಬ ಒಂದು ಸಾಲಿರಲಿ. ನಾಲ್ಕು ಪದ ಹೆಚ್ಚಾದರೂ ಚಿಂತೆಯಿಲ್ಲ. ಒಪ್ಪಿಸಿದ ಮೇಲೆ ಬರುವ 'ನಿಮ್ಮ ಪ್ರತಿಕ್ರಿಯೆಯನ್ನು ದಾಖಲಿಸಲಾಗಿದೆ' ಎಂಬಂಥ ಕರ್ಮಣಿ ಪ್ರಯೋಗದ ವಾಕ್ಯಗಳು ಇಂಗ್ಲಿಷಿನ ನೆರಳು. 'ನಿಮ್ಮ ಉತ್ತರ ಗುರುಗಳಿಗೆ ತಲುಪಿದೆ' ಎಂದರೆ ಮಗು ನೆಮ್ಮದಿಯಿಂದ ಮೊಬೈಲನ್ನು ಕೆಳಗಿಡುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಗುರುತರವಾದದ್ದು: ತೀರ್ಪಿನ ಪದಗಳು. ಉತ್ತರ ಬರೆಯದಿರುವುದು, ತಪ್ಪು ಬರೆದಿರುವುದು, ಯಂತ್ರಕ್ಕೆ ತಿಳಿಯದ ರೀತಿಯಲ್ಲಿ ಬರೆದಿರುವುದು, ಇವು ಮೂರೂ ಬೇರೆಬೇರೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 'ಮೈಲಾರಲಿಂಗೇಶ್ವರ ದೇವಸ್ಥಾನವಿರುವ ತಾಲ್ಲೂಕು ಯಾವುದು?' ಎಂಬ ಪ್ರಶ್ನೆಗೆ ಹೊಳಲಿನ ಬಾಲಕಿಯೊಬ್ಬಳು 'ಹೂವಿನ ಹಡಗಲಿ' ಎಂದು ಎರಡು ಪದವಾಗಿ ಬರೆಯುತ್ತಾಳೆ. ಪ್ರಶ್ನೆ ತಯಾರಿಸಿದವರು 'ಹೂವಿನಹಡಗಲಿ' ಎಂದು ಒಂದೇ ಪದವಾಗಿ ಇಟ್ಟಿದ್ದಾರೆ. ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರವು ನಡುವಣ ತೆರಪನ್ನು ಕಂಡು 'ತಪ್ಪು ಉತ್ತರ' ಎಂದು ಕೆಂಪಕ್ಷರದಲ್ಲಿ ಸಾರುತ್ತದೆ. ತನ್ನ ಸ್ವಂತ ತಾಲ್ಲೂಕಿನ ಹೆಸರು ತನಗೆ ಗೊತ್ತಿಲ್ಲವೆಂದು ಆ ಬಾಲಕಿ ತಿಳಿಯಬೇಕೆ? ಬರಹ, ಬರೆಹ ಎಂಬಂಥ ದ್ವಿರೂಪಗಳು, ಅರ್ಕಾವೊತ್ತನ್ನು ಬೆರಳಚ್ಚಿಸುವ ಎರಡು ರೀತಿಗಳು, ೫ ಮತ್ತು 5 ಎಂಬ ಎರಡು ಅಂಕಿಗಳು, ಇವೆಲ್ಲವೂ ಕನ್ನಡದಲ್ಲಿ ಇಂತಹ ಪ್ರಸಂಗಗಳನ್ನು ತರುತ್ತವೆ. ಪ್ರಶ್ನೆ ತಯಾರಿಸುವವರು ಎಲ್ಲ ರೂಪಗಳನ್ನೂ ಸರಿಯುತ್ತರವಾಗಿ ಮೊದಲೇ ಸೇರಿಸಿಡಬೇಕು. ಅದು ಪೂರ್ಣವಾಗಿ ಸಾಧ್ಯವಾಗದಿದ್ದಲ್ಲಿ ಯಂತ್ರವು 'ನಿಮ್ಮ ಉತ್ತರ ನಮ್ಮಲ್ಲಿರುವ ಉತ್ತರಕ್ಕೆ ಹೊಂದಲಿಲ್ಲ. ಗುರುಗಳಿಗೆ ತೋರಿಸಿರಿ' ಎಂದು ಹೇಳಲಿ. ಇದು ಸತ್ಯವೂ ಹೌದು. ಯಂತ್ರ ಮಾಡಿದ್ದು ಹೋಲಿಕೆಯೇ ಹೊರತು ಮೌಲ್ಯಮಾಪನವಲ್ಲ. ಹಾಗೆಯೇ 'ಅಮಾನ್ಯ' ಎಂಬ ನ್ಯಾಯಾಲಯದ ಪದವನ್ನು ಬಿಟ್ಟು 'ಇಲ್ಲಿ ಅಂಕಿಯನ್ನು ಮಾತ್ರ ಬರೆಯಿರಿ' ಎಂದರೆ ಮುಂದೇನು ಮಾಡಬೇಕೆಂಬುದು ಗೊತ್ತಾಗುತ್ತದೆ. 'ಭಾಗಶಃ ಸರಿ' ಎಂಬುದರ ಬದಲು 'ಅರ್ಧ ಸರಿಯಾಗಿದೆ. ಉಳಿದದ್ದನ್ನು ಇನ್ನೊಮ್ಮೆ ನೋಡಿರಿ' ಎಂದರೆ ಉತ್ಸಾಹ ಬರುತ್ತದೆ. ನಿಜವಾಗಿ ತಪ್ಪಾದಲ್ಲಿ ತಪ್ಪೆಂದೇ ಹೇಳಬೇಕು, ಅದರಲ್ಲಿ ದಾಕ್ಷಿಣ್ಯ ಬೇಡ.

ಇಲ್ಲಿ ಕೆಲವರು ಹೇಳಬಹುದು: 'ಮಕ್ಕಳಿಗೆ ಸಬ್‌ಮಿಟ್, ಆನ್ಸರ್ ಎಂಬ ಪದಗಳೇ ಬರುತ್ತವೆ, ಕನ್ನಡವೇಕೆ?' ಮಗುವಿನ ಬಾಯಲ್ಲಿ ನಿಜವಾಗಿಯೂ ಆಡುವ ಪದವಾದರೆ ಅದನ್ನು ಉಳಿಸಿಕೊಳ್ಳಲು ನನ್ನ ಅಡ್ಡಿಯಿಲ್ಲ. ಮೊಬೈಲ್, ಪಾಸ್‌ವರ್ಡ್ ಎಂಬುವುಗಳನ್ನು ಬದಲಿಸುವ ಹಟ ಬೇಡ. ಆದರೆ ಪದವನ್ನು ಗುರುತಿಸುವುದು ಬೇರೆ, ಅದರ ಪರಿಣಾಮವನ್ನು ತಿಳಿಯುವುದು ಬೇರೆ. ಸಬ್‌ಮಿಟ್ ಎಂಬುದನ್ನು ಗುರುತಿಸುವ ಮಗುವಿಗೆ, ಒತ್ತಿದ ಮೇಲೆ ತಿದ್ದಲು ಬರುತ್ತದೆಯೇ ಎಂಬುದು ಆ ಪದದಿಂದ ತಿಳಿಯದು. ಇನ್ನು ಕೆಲವರು, ರಾಜ್ಯವಿಡೀ ಏಕರೂಪದ ಪರಿಭಾಷೆ ಬೇಕೆಂದು ವಾದಿಸುತ್ತಾರೆ. ಅದು ನ್ಯಾಯವೇ. ಏಕರೂಪತೆಯೆಂದರೆ ಒಂದು ಅರ್ಥಕ್ಕೆ ಎಲ್ಲೆಡೆ ಒಂದೇ ಪದವಿರುವುದು. ಹಲವು ಅರ್ಥಗಳಿಗೆ ಒಂದೇ ಪದವನ್ನು ಹೊದಿಸುವುದು ಏಕರೂಪತೆಯಾಗದು.

ಅರ್ಥವಾಗದ ಭಾಷೆಯಲ್ಲಿ ಅಪ್ಪಣೆ ಕೇಳುವುದು ಈ ನಾಡಿಗೆ ಹೊಸದಲ್ಲ. ನಮ್ಮ ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ತಾಮ್ರಶಾಸನವು ಪ್ರಾಕೃತದಲ್ಲಿದೆ. ಮುಂದೆ ಶತಮಾನಗಳು ಕಳೆದ ಮೇಲೆ ಈ ಸೀಮೆಯ ಗುಡಿಗಳ ಶಾಸನಗಳು ಕನ್ನಡದಲ್ಲಿ ಮಾತನಾಡಿದವು. 1953ರ ಅಕ್ಟೋಬರ್ 1ರಂದು ನಾವು ಮದ್ರಾಸ್ ಪ್ರಾಂತ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವು. 1963ರಲ್ಲಿ ಕನ್ನಡವು ಅಧಿನಿಯಮದ ಮೂಲಕ ರಾಜ್ಯದ ಆಡಳಿತ ಭಾಷೆಯಾಯಿತು. ಆದರೂ ಕಚೇರಿಯ ನಮೂನೆಗಳನ್ನು ಓದಿದ ರೈತನು ಬರಹಗಾರನನ್ನು ಹುಡುಕಿಕೊಂಡು ಹೋಗುವುದು ತಪ್ಪಲಿಲ್ಲ. ಲಿಪಿಯು ಕನ್ನಡವಾಯಿತು, ವಾಕ್ಯವು ಇಂಗ್ಲಿಷಾಗಿಯೇ ಉಳಿಯಿತು. ಆ ಕಚೇರಿಗನ್ನಡವು ಈಗ ಮಕ್ಕಳ ಪಾಠದೊಳಕ್ಕೂ ನುಗ್ಗಬಾರದು. ರೈತನಿಗೆ ಬರಹಗಾರನಾದರೂ ಸಿಕ್ಕನು. ಅಕ್ಷರ ಬಾರದ ತಂದೆತಾಯಿಗಳು ಮಲ್ಲಿಗೆಯ ತೋಟಕ್ಕೋ ಹೊಲಕ್ಕೋ ಹೋಗಿರುವಾಗ, ಮನೆಯ ಜಗಲಿಯಲ್ಲಿ ಮೊಬೈಲ್ ಹಿಡಿದು ಕುಳಿತ ಮಗುವಿಗೆ ಯಾರೂ ಇಲ್ಲ. ಪದವು ತಿಳಿಯದಿದ್ದರೆ ಆ ಮಗು ತಂತ್ರಾಂಶವನ್ನು ದೂರುವುದಿಲ್ಲ. ತನಗೆ ವಿದ್ಯೆ ಹತ್ತುವುದಿಲ್ಲವೆಂದೇ ತೀರ್ಮಾನಿಸುತ್ತದೆ. ಒಂದು ಪದದ ಅನೌಚಿತ್ಯಕ್ಕೆ ತೆರುವ ಬೆಲೆ ಇಷ್ಟು ದೊಡ್ಡದು.

ಪರಿಹಾರವು ನಮ್ಮ ಕೈಯಲ್ಲಿಯೇ ಇದೆ. ಮೂಡಲ್ ಮುಕ್ತ ತಂತ್ರಾಂಶವಾದ್ದರಿಂದ, ಅದನ್ನು ಸ್ಥಾಪಿಸಿಕೊಂಡ ಶಾಲೆಯು ತನ್ನ ಮಟ್ಟಿಗೆ ಪರದೆಯ ಮೇಲಣ ಯಾವ ಪದವನ್ನಾದರೂ ಬದಲಾಯಿಸಿಕೊಳ್ಳುವ ಸೌಕರ್ಯ ಅದರೊಳಗೇ ಇದೆ. ಯಾರ ಅಪ್ಪಣೆಯೂ ಬೇಕಿಲ್ಲ. ಉಳಿದ ತಂತ್ರಾಂಶಗಳನ್ನು ನಡೆಸುವವರಿಗೆ ನಮ್ಮ ಸಲಹೆಯನ್ನು ಬರೆದು ತಿಳಿಸಬಹುದು. ಶಾಲೆಯ ಕನ್ನಡ ಶಿಕ್ಷಕರೂ ಗಣಕ ಶಿಕ್ಷಕರೂ ಒಂದು ದಿನ ಒಟ್ಟಿಗೆ ಕುಳಿತು, ಮಕ್ಕಳು ದಿನವೂ ಕಾಣುವ ನಲವತ್ತು ಐವತ್ತು ಪದಗಳ ಪಟ್ಟಿಯನ್ನು ಮಾಡಲಿ. ಆಮೇಲೆ ಹತ್ತು ಮಕ್ಕಳನ್ನು ಕರೆದು, ಒಬ್ಬೊಬ್ಬರಿಗೂ ಪ್ರತಿ ಗುಂಡಿಯನ್ನು ತೋರಿಸಿ, 'ಇದನ್ನು ಒತ್ತಿದರೆ ಏನಾಗುತ್ತದೆ?' ಎಂದು ಕೇಳಲಿ. ಒತ್ತುವ ಮೊದಲೇ ಮಗು ಸರಿಯಾಗಿ ಹೇಳಿದರೆ ಆ ಪದ ಉಳಿಯಲಿ. ತಡವರಿಸಿದರೆ ಆ ಪದವನ್ನು ತಯಾರಿಸಿದವರು ಎಷ್ಟೇ ದೊಡ್ಡ ವಿದ್ವಾಂಸರಾಗಿರಲಿ, ಅದು ಹೋಗಲಿ. ಪದಗಳ ವಿಷಯದಲ್ಲಿ ಕೊನೆಯ ಪರೀಕ್ಷಕರು ಮಕ್ಕಳೇ.

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 'ವಿಜ್ಞಾನ' ಪತ್ರಿಕೆಯನ್ನು ಹೊರಡಿಸಿದಾಗ ಕನ್ನಡದಲ್ಲಿ ವಿಜ್ಞಾನಕ್ಕೆ ಮಾತುಗಳೇ ಇಲ್ಲವೆಂದು ಹೇಳುವವರಿದ್ದರು. ಅವರು ಹುಡುಕಿದರು, ಮಾತುಗಳು ದೊರೆತವು. ಇಂದು ನಮ್ಮ ಪಾಲಿಗೆ ಬಂದಿರುವ ಕೆಲಸ ಅದಕ್ಕಿಂತ ಬಹಳ ಚಿಕ್ಕದು. ಹೊಸ ಪದಗಳನ್ನು ಟಂಕಿಸಬೇಕಾಗಿಲ್ಲ. ಉತ್ತರ, ಆಯ್ಕೆ, ಮರುಮಾತು, ಅನಿಸಿಕೆ, ಒಪ್ಪಿಸು ಎಂಬ ಹಳೆಯ ಪದಗಳನ್ನು ಅವುಗಳ ಸ್ಥಾನಗಳಲ್ಲಿ ಇರಿಸಿದರೆ ಸಾಕು. ಬರುವ ಶೈಕ್ಷಣಿಕ ವರ್ಷದ ಮೊದಲ ಆನ್‌ಲೈನ್ ಪರೀಕ್ಷೆಗೆ ಮುನ್ನವೇ ಈ ಪಟ್ಟಿಯು ಸಿದ್ಧವಾಗಲೆಂದು ಶಿಕ್ಷಕಬಂಧುಗಳಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.